ಸಾಕ್ಷ್ಯಚಿತ್ರ ಮುಗೀತು, ನೋಡೋರೆಲ್ಲಿ? ಉತ್ಸವ, ಊರು, ಥಿಯೇಟರ್, ಯೂಟ್ಯೂಬ್: ಯಾವ ಬಾಗಿಲು ಮೊದಲು

ಎಡಿಟ್ ಮುಗಿಸಿ ಹಾರ್ಡ್‌ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡ ದಿನ ಸಲಹೆಗಳು ಶುರುವಾಗುತ್ತವೆ. 'ಯೂಟ್ಯೂಬ್‌ಗೆ ಹಾಕಿಬಿಡು, ಎಲ್ರೂ ನೋಡ್ತಾರೆ' ಅಂತ ಅಣ್ಣ. 'ಬೇಡ, ಮೊದಲು ಫೆಸ್ಟಿವಲ್‌ಗೆ ಕಳಿಸು' ಅಂತ ಕ್ಯಾಮೆರಾ ಹಿಡಿದ ಗೆಳೆಯ. 'ನೆಟ್‌ಫ್ಲಿಕ್ಸ್‌ನೋರಿಗೆ ಒಂದು ಮೇಲ್ ಹಾಕಿ ನೋಡು' ಅಂತ ಸೋದರಮಾವ. ಮೂವರೂ ಒಳ್ಳೆಯದಕ್ಕೇ ಹೇಳುವುದು. ತೊಂದರೆ ಏನೆಂದರೆ, ಈ ದಾರಿಗಳನ್ನು ನಮಗೆ ಬೇಕಾದ ಹಾಗೆ ಹಿಂದೆ ಮುಂದೆ ಮಾಡಲು ಬರುವುದಿಲ್ಲ. ಉತ್ಸವ ಮುಗಿಸಿ ಯೂಟ್ಯೂಬ್‌ಗೆ ಯಾವತ್ತು ಬೇಕಾದರೂ ಹೋಗಬಹುದು. ಯೂಟ್ಯೂಬ್‌ನಿಂದ ಉತ್ಸವಕ್ಕೆ ವಾಪಸ್ ಬರುವುದು ಬಹಳ ಕಷ್ಟ.

ನಾನು ಇದನ್ನು ಉಲ್ಟಾ ಕಲಿತವನು. ಮಲೆನಾಡಿನ ಕೊಯ್ಲಿನ ಕಾಲದಲ್ಲಿ ರಾತ್ರಿಯೆಲ್ಲ ಕೂತು ಅಡಿಕೆ ಸುಲಿಯುವ ಹೆಂಗಸರ ಮೇಲೆ 52 ನಿಮಿಷದ ಚಿತ್ರ ಮಾಡಿದ್ದೆ. ಎರಡು ಉತ್ಸವಗಳಿಂದ 'ವಿಷಾದಿಸುತ್ತೇವೆ' ಅಂತ ಮೇಲ್ ಬಂತು. ಮೂರನೆಯ ರಾತ್ರಿ ಸಿಟ್ಟಿಗೆದ್ದು ಯೂಟ್ಯೂಬ್‌ಗೆ ಏರಿಸಿಬಿಟ್ಟೆ. ಹದಿನೈದು ದಿನಕ್ಕೆ ಇನ್ನೊಂದು ಉತ್ಸವದಿಂದ ಪತ್ರ: ಚಿತ್ರ ಹಿಡಿಸಿದೆ, ಆನ್‌ಲೈನ್‌ನಲ್ಲಿ ಎಲ್ಲೂ ಇಲ್ಲ ತಾನೆ? ಇದೆ ಅಂದೆ. ಅಲ್ಲಿಗೆ ಮುಗಿಯಿತು. ತಪ್ಪು ಅವರದ್ದಲ್ಲ, ನಿಯಮ ಅವರ ಪುಟದಲ್ಲೇ ಬರೆದಿತ್ತು, ನಾನು ಓದಿರಲಿಲ್ಲ.

ಹಾಗಾಗಿ ಇಲ್ಲಿ ಒಂದೊಂದು ದಾರಿಯನ್ನೂ ಅದು ಏನು ಕೊಡುತ್ತದೆ, ಏನು ಕಿತ್ತುಕೊಳ್ಳುತ್ತದೆ ಅಂತ ಎದುರುಬದುರು ಇಟ್ಟು ನೋಡೋಣ. ಕನ್ನಡದಲ್ಲಿ, ಕೈಯಿಂದ ದುಡ್ಡು ಹಾಕಿ, ಮೂವತ್ತರಿಂದ ತೊಂಬತ್ತು ನಿಮಿಷದ ಚಿತ್ರ ಮಾಡಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಒಂದು ಹಳೆಯ ಹೊರೆಯ ಮಾತು ಮೊದಲೇ ಹೇಳಿಬಿಡಬೇಕು. 'ಡಾಕ್ಯುಮೆಂಟರಿ' ಅಂದರೆ ನಮ್ಮ ಅಪ್ಪ-ಅಮ್ಮಂದಿರಿಗೆ ನೆನಪಾಗುವುದು ಟೆಂಟಿನಲ್ಲೋ ಟಾಕೀಸಿನಲ್ಲೋ ಪಿಕ್ಚರ್ ಶುರುವಾಗುವ ಮೊದಲು ಓಡುತ್ತಿದ್ದ ನ್ಯೂಸ್ ರೀಲು. 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಷನ್ನಿನ ಆ ಚಿತ್ರಗಳನ್ನು ಥಿಯೇಟರುಗಳು ಕಡ್ಡಾಯವಾಗಿ ತೋರಿಸಬೇಕಿತ್ತು. ಜನ ಆ ಹೊತ್ತಿನಲ್ಲಿ ಸೀಟು ಹುಡುಕುತ್ತಿದ್ದರು, ಕಡಲೆಕಾಯಿ ಕೊಳ್ಳುತ್ತಿದ್ದರು. ನೋಡುಗರನ್ನು ಹುಡುಕಿಕೊಳ್ಳುವ ಕಷ್ಟವೇ ಇಲ್ಲದೆ ದೇಶದ ತುಂಬ ಓಡಿದ ಚಿತ್ರಗಳವು. ಅವು ಬಿಟ್ಟುಹೋದ 'ಬೋರು' ಅನ್ನುವ ಮಾತನ್ನು ಮಾತ್ರ ನಾವು ಇವತ್ತಿಗೂ ಹೊರುತ್ತಿದ್ದೇವೆ. ಫಿಲ್ಮ್ಸ್ ಡಿವಿಷನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ, ಅಂದರೆ ಎನ್‌ಎಫ್‌ಡಿಸಿಯೊಳಗೆ ಸೇರಿಹೋಯಿತು.

ಉತ್ಸವಗಳು: ಹೆಸರು ಸಿಗುತ್ತದೆ, ಜನ ಅಷ್ಟಕ್ಕಷ್ಟೆ

ಉತ್ಸವದಿಂದ ಸಿಗುವುದು ಮುಖ್ಯವಾಗಿ ಪೋಸ್ಟರಿನ ಮೇಲಿನ ಎಲೆಸುರುಳಿ, ಅಂದರೆ ಚಿತ್ರ ಅಲ್ಲಿ ಆಯ್ಕೆಯಾಗಿತ್ತು ಅನ್ನುವ ಗುರುತು. ಅದನ್ನು ಹಗುರವಾಗಿ ನೋಡಬೇಡಿ. ಮುಂದೆ ಕಾಲೇಜಿನ ಪ್ರಿನ್ಸಿಪಾಲರ ಹತ್ತಿರ ಹಾಲ್ ಕೇಳಲು ಹೋದಾಗ, ಮುಂದಿನ ಚಿತ್ರಕ್ಕೆ ಧನಸಹಾಯದ ಅರ್ಜಿ ಬರೆಯುವಾಗ ಕೆಲಸಕ್ಕೆ ಬರುವುದು ಅದೇ. ಚಿತ್ರಗಳನ್ನು ಆರಿಸುವ ಒಬ್ಬ ಕ್ಯುರೇಟರ್ ನೋಡಿ ಮೆಚ್ಚಿದರೆ ಇನ್ನೆರಡು ಉತ್ಸವಗಳ ಬಾಗಿಲು ಅರ್ಜಿಯಿಲ್ಲದೆ ತೆರೆಯುತ್ತದೆ. ಪ್ರೇಕ್ಷಕರ ಲೆಕ್ಕ ಹಾಕಿದರೆ ಮಾತ್ರ, ಮಧ್ಯಾಹ್ನ ಎರಡೂವರೆಯ ಪ್ರದರ್ಶನಕ್ಕೆ ಇಪ್ಪತ್ತೆಂಟು ಜನ, ಅದರಲ್ಲಿ ಹತ್ತು ಮಂದಿ ಮುಂದಿನ ಪ್ರದರ್ಶನದ ನಿರ್ದೇಶಕರು ಮತ್ತು ಅವರ ಬಳಗ.

ನಮ್ಮ ದಾರಿಯಲ್ಲಿ ನಿಜವಾಗಿ ಎಣಿಸಬೇಕಾದವು ಕೆಲವೇ. ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ, ಅಂದರೆ ಮಿಫ್, 1990ರಿಂದ, ಎರಡು ವರ್ಷಕ್ಕೊಮ್ಮೆ, ಸಾಕ್ಷ್ಯಚಿತ್ರ-ಕಿರುಚಿತ್ರ-ಅನಿಮೇಷನ್‌ಗಳಿಗೇ ಮೀಸಲು. ಧರ್ಮಶಾಲಾದ ಚಿತ್ರೋತ್ಸವ ಡಿಫ್ 2012ರಿಂದ, ಸಣ್ಣದು, ಆದರೆ ಆಯ್ಕೆ ಚೊಕ್ಕ. ಬೆಂಗಳೂರಿನ ಅಂತರರಾಷ್ಟ್ರೀಯ ಚಿತ್ರೋತ್ಸವ ಬಿಫೆಸ್‌ನಲ್ಲಿ ಕಥಾಚಿತ್ರಗಳದ್ದೇ ರಾಜ್ಯ. ಜನರ ವಿಷಯದಲ್ಲಿ ಎದ್ದು ಕಾಣುವುದು ತಿರುವನಂತಪುರ. ಕೇರಳ ಚಲಚ್ಚಿತ್ರ ಅಕಾಡೆಮಿ 2008ರಿಂದ ನಡೆಸುವ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರ ಉತ್ಸವದಲ್ಲಿ ವಿದ್ಯಾರ್ಥಿಗಳು, ಬ್ಯಾಂಕ್ ನೌಕರರು, ಪಂಚೆ ಕಟ್ಟಿದ ಹಿರಿಯರು ಸಾಲಲ್ಲಿ ನಿಂತು ಸಾಕ್ಷ್ಯಚಿತ್ರ ನೋಡುತ್ತಾರೆ. ಕಳಿಸಲು ಒಂದೇ ಉತ್ಸವ ಅಂದರೆ ನಾನು ಇದನ್ನೇ ಆರಿಸುತ್ತೇನೆ. ಫಿಲ್ಮ್ ಸೊಸೈಟಿಗಳ ಊರದು, ಪ್ರಶ್ನೋತ್ತರದಲ್ಲಿ ಬಿಸಿ ತಾಗುತ್ತದೆ.

ಉತ್ಸವಗಳಿಗೆ ಚಿತ್ರ ಕಳಿಸುವ ಜಾಲತಾಣ ಫಿಲ್ಮ್‌ಫ್ರೀವೇ ತೆರೆದರೆ ಸಾವಿರಾರು ಉತ್ಸವಗಳು ಕಾಣುತ್ತವೆ. ಪ್ರತಿ ತಿಂಗಳೂ 'ಬೆಸ್ಟ್ ಡಾಕ್ಯುಮೆಂಟರಿ' ಕೊಡುವ, ಎಲ್ಲಿ ಯಾವ ಹಾಲ್‌ನಲ್ಲಿ ತೋರಿಸಿದರು ಅಂತ ಒಂದು ಫೋಟೋ ಕೂಡ ಇಲ್ಲದ ಉತ್ಸವಗಳಿಗೆ ಡಾಲರ್‌ನಲ್ಲಿ ಶುಲ್ಕ ಕಟ್ಟಬೇಡಿ. ಕಳೆದ ಸಲ ಅಲ್ಲಿ ತೋರಿಸಿದ ಒಬ್ಬ ನಿರ್ದೇಶಕರನ್ನು ಹುಡುಕಿ, ಎಷ್ಟು ಜನ ಕೂತಿದ್ದರು ಅಂತ ಕೇಳಿ. ಆ ಒಂದು ಪ್ರಶ್ನೆಯಿಂದ ನನ್ನ ಪಟ್ಟಿ ನಲವತ್ತರಿಂದ ಏಳಕ್ಕೆ ಇಳಿಯಿತು.

ಉತ್ಸವದ ಹೆಸರು ಮತ್ತು ಊರಿನ ನೋಡುಗರ ನಡುವೆ ಎಷ್ಟು ದೂರ ಇರಬಹುದು ಅನ್ನುವುದಕ್ಕೆ 'ರೈಟಿಂಗ್ ವಿತ್ ಫೈರ್' ಸಾಕು. ಬುಂದೇಲಖಂಡದ 'ಖಬರ್ ಲಹರಿಯಾ' ಪತ್ರಕರ್ತೆಯರ ಮೇಲಿನ ಚಿತ್ರ. 2021ರಲ್ಲಿ ಅಮೆರಿಕದ ಸನ್‌ಡಾನ್ಸ್ ಉತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ, ಮುಂದಿನ ವರ್ಷ ಆಸ್ಕರ್ ನಾಮನಿರ್ದೇಶನ. ಆ ಹೊತ್ತಿಗೆ ಭಾರತದ ಸಾಮಾನ್ಯ ನೋಡುಗರಿಗೆ ಅದು ಎಲ್ಲೂ ಬಿಡುಗಡೆಯಾಗಿರಲಿಲ್ಲ. ಆಸ್ಕರ್ ಸಮಾರಂಭಕ್ಕೆ ಸ್ವಲ್ಪ ಮುಂಚೆ ಖಬರ್ ಲಹರಿಯಾದವರೇ, ಈ ಚಿತ್ರ ನಮ್ಮ ಕೆಲಸದ ಒಂದು ಮಗ್ಗುಲನ್ನಷ್ಟೇ ಹೇಳುತ್ತದೆ ಅಂತ ಹೇಳಿಕೆ ಕೊಟ್ಟರು. ಯಾರು ಸರಿ ಅನ್ನುವ ಪಂಚಾಯ್ತಿ ನನ್ನದಲ್ಲ. ಆದರೆ ಚಿತ್ರದೊಳಗೆ ಇರುವವರು ಎಷ್ಟನೆಯ ಪ್ರೇಕ್ಷಕರು ಅನ್ನುವ ಪ್ರಶ್ನೆ ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿದೆ.

ಊರೂರು ತಿರುಗುವುದು

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಸ್ವತಂತ್ರ ಸಾಕ್ಷ್ಯಚಿತ್ರಗಳಿಗೆ ನಮ್ಮ ದೇಶದಲ್ಲಿ ನೋಡುಗರು ಸಿಕ್ಕಿದ್ದು ಬಹುಮಟ್ಟಿಗೆ ಹೀಗೇ.

ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಂಗಸರು ಸಂಘ ಕಟ್ಟಿದ ಕಥೆಯನ್ನು ದೀಪಾ ಧನರಾಜ್ ಮತ್ತು ಗೆಳತಿಯರ 'ಯುಗಾಂತರ್' ಬಳಗ 1982ರಲ್ಲಿ ಚಿತ್ರ ಮಾಡಿತು. ಹೆಸರು 'ತಂಬಾಕೂ ಚಾಕಿಲಾ ಓಬ್ ಆಲಿ', ಭಾಷೆ ಮರಾಠಿ, ಊರು ನಮ್ಮ ಬೆಳಗಾವಿ ಜಿಲ್ಲೆಯದು. ಆ ಕಾಲದಲ್ಲಿ ಇಂಥ ಚಿತ್ರ ಜನರಿಗೆ ತಲುಪಬೇಕಾದರೆ 16 ಎಂಎಂ ರೀಲು, ಪ್ರೊಜೆಕ್ಟರ್ ಎರಡನ್ನೂ ಹೊತ್ತುಕೊಂಡು ಸಂಘದಿಂದ ಸಂಘಕ್ಕೆ, ಕೇರಿಯಿಂದ ಕೇರಿಗೆ ಹೋಗಬೇಕು. ನಿರ್ದೇಶಕ ಆನಂದ್ ಪಟವರ್ಧನ್ ಹದಿನಾಲ್ಕು ವರ್ಷ ಹಿಡಿದು ಮಾಡಿದ 'ಜೈ ಭೀಮ್ ಕಾಮ್ರೇಡ್' ಚಿತ್ರವನ್ನು ದಲಿತರ ಕೇರಿಗಳಲ್ಲಿ, ಚಾಳ್‌ಗಳ ಅಂಗಳದಲ್ಲಿ ತೋರಿಸುತ್ತಾ ಹೋದರು. ಗೋರಖ್‌ಪುರದಲ್ಲಿ 2006ರಲ್ಲಿ ಶುರುವಾದ 'ಪ್ರತಿರೋಧ್ ಕಾ ಸಿನೆಮಾ' ಬಳಗದವರದ್ದು ಇನ್ನೂ ಖಡಕ್ಕು: ಕಂಪನಿಗಳ ಪ್ರಾಯೋಜನೆ ಬೇಡ, ಬಂದ ಜನ ಕೊಟ್ಟ ದುಡ್ಡಿನಲ್ಲೇ ಉತ್ಸವ.

ನಮ್ಮಲ್ಲೂ ಇದಕ್ಕೆ ಬೇರಿದೆ. ಹೆಗ್ಗೋಡಿನ ನೀನಾಸಂ ಚಿತ್ರಸಮಾಜ ಹುಟ್ಟಿದ್ದು 1973ರಲ್ಲಿ. ಅಡಿಕೆ ಬೆಳೆಗಾರರು ಸತ್ಯಜಿತ್ ರಾಯ್, ಕುರೊಸಾವಾ ನೋಡಿದ ಊರದು. 'ಹಳ್ಳಿಯೋರಿಗೆ ಇದೆಲ್ಲ ಅರ್ಥ ಆಗಲ್ಲ' ಅಂತ ಯಾರಾದರೂ ಅಂದರೆ ನಾನು ಇದೊಂದನ್ನೇ ಹೇಳಿ ಸುಮ್ಮನಾಗುತ್ತೇನೆ. ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ, ಪೆಡೆಸ್ಟ್ರಿಯನ್ ಪಿಕ್ಚರ್ಸ್ ಬಳಗ, ನೀರಿನ ಮೇಲಿನ ಚಿತ್ರಗಳನ್ನು ಊರೂರಿಗೆ ಒಯ್ದ ಬೆಂಗಳೂರು ಫಿಲ್ಮ್ ಸೊಸೈಟಿ, ಹೀಗೆ ಹಾದಿ ಸವೆಸಿದವರು ಇದ್ದಾರೆ.

ನನ್ನ ಚಿತ್ರವನ್ನು ಅದರಲ್ಲಿದ್ದವರಿಗೆ ತೋರಿಸಿದ್ದು ಸಾಗರದ ಕಡೆಯ ಒಂದು ಮನೆಯ ಅಂಗಳದಲ್ಲಿ. ಹಗಲು ಅಡಿಕೆ ಒಣಹಾಕಿದ ಚಾಪೆಗಳನ್ನು ಸುತ್ತಿ ಬದಿಗಿಟ್ಟು, ಬಿಳಿ ಪಂಚೆ ಎರಡನ್ನು ಜೋಡಿಸಿ ಹೊಲಿದು ತೋರಣಗಂಬಕ್ಕೆ ಕಟ್ಟಿದೆವು. ಎಪ್ಪತ್ತು ಜನ. ಬೇಯಿಸುವ ಹಂಡೆಯ ಒಲೆ ಇನ್ನೂ ಆರಿರಲಿಲ್ಲ, ಚೊಗರಿನ ವಾಸನೆ. ಹದಿನೇಳನೆಯ ನಿಮಿಷಕ್ಕೆ ಕರೆಂಟು ಹೋಯಿತು. ನಲವತ್ತು ನಿಮಿಷ ಕಾದರು, ಯಾರೂ ಏಳಲಿಲ್ಲ. ಆ ಹೊತ್ತಿನಲ್ಲೇ, ಮೆಟ್ಟುಗತ್ತಿಯ ಮುಂದೆ ಮೂವತ್ತು ವರ್ಷ ಕೂತ ಒಬ್ಬ ಅಜ್ಜಿ ಕೇಳಿದಳು: 'ಅಲ್ಲಾ ತಮ್ಮಾ, ಸುಲಿಯೋ ಸದ್ದೇ ಇಲ್ವಲ್ಲ? ಪೀಪಿ ಊದಿಸಿದೀಯ.'

ಮೆಟ್ಟುಗತ್ತಿಗೆ ಕಾಯಿ ಒತ್ತಿದಾಗ ಬರುವ 'ಚರ್ರ್' ಸದ್ದಿನ ಮೇಲೆ ನಾನು ಕೊಳಲು ಹಾಕಿದ್ದೆ. ಎರಡು ತಿಂಗಳು ಎಡಿಟ್ ಟೇಬಲ್ಲಿನಲ್ಲಿ ಕೂತ ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಇನ್ನೊಬ್ಬಳು ಸೇರಿಸಿದಳು: 'ಡಬ್ಬಕ್ಕೆ ಎಷ್ಟು ಕೊಡ್ತಾರೆ ಅಂತ ಕೇಳೇ ಇಲ್ಲ.' ಅದೂ ನಿಜ, ಮನೆಯ ಯಜಮಾನರ ಎದುರು ಕೇಳಲು ನನಗೆ ಸಂಕೋಚವಾಗಿತ್ತು. ಮುಂದಿನ ವಾರ ಕೊಳಲು ತೆಗೆದೆ, ಕೂಲಿಯ ಮಾತು ಸೇರಿಸಿದೆ. ಉತ್ಸವಗಳ ಆಯ್ಕೆ ಸಮಿತಿಯವರು ಯಾರೂ ಹೀಗೆ ತಿದ್ದಿಕೊಟ್ಟಿರಲಿಲ್ಲ. ಅದಕ್ಕೇ ಹೇಳುವುದು, ಫೈನಲ್ ಮಿಕ್ಸ್‌ಗೆ ದುಡ್ಡು ಸುರಿಯುವ ಮೊದಲು ಒಂದು ಪ್ರದರ್ಶನ ಚಿತ್ರದ ಜನರಿಗೇ ಮಾಡಿ. ಇದರಿಂದ ಪ್ರೀಮಿಯರ್ ಹಕ್ಕಿಗೆ, ಅಂದರೆ ಚಿತ್ರವನ್ನು ಮೊದಲು ತೋರಿಸಿದ್ದು ನಾವೇ ಅಂತ ಉತ್ಸವ ಹೇಳಿಕೊಳ್ಳುವುದಕ್ಕೆ, ಧಕ್ಕೆಯಿಲ್ಲ, ಮುಗಿಯದ ಚಿತ್ರವನ್ನು ಮನೆಯ ಅಂಗಳದಲ್ಲಿ ತೋರಿಸಿದ್ದನ್ನು ಯಾರೂ ಪ್ರೀಮಿಯರ್ ಅಂತ ಎಣಿಸುವುದಿಲ್ಲ.

ಇನ್ನು ಕಷ್ಟಗಳು. ತಿರುಗಾಟ ದೇಹವನ್ನು ತಿನ್ನುತ್ತದೆ. ಒಂದು ಪ್ರದರ್ಶನಕ್ಕೆ ಒಂದು ದಿನ ಹೋಗಲು, ಒಂದು ದಿನ ಬರಲು. ಟವೆಲ್ ಹಿಡಿದು ಒಂದು ಸುತ್ತು ಬಂದರೆ ಬಸ್ ಚಾರ್ಜು ಮತ್ತು ಊಟಕ್ಕೆ ಆಗುತ್ತದೆ, ಪ್ರೊಜೆಕ್ಟರ್ ಬಾಡಿಗೆ ಕೈಯಿಂದ. ಹತ್ತು ಪ್ರದರ್ಶನ ಆದ ಮೇಲೆ ನಾನೇ ಒಂದು ಸೆಕೆಂಡ್‌ಹ್ಯಾಂಡ್ ಪ್ರೊಜೆಕ್ಟರ್ ಕೊಂಡೆ. ಎರಡನೆಯದು ಕಾನೂನು: 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಸರ್ಟಿಫಿಕೇಟ್ ಬೇಕು. ಅಡಿಕೆ ಸುಲಿಯುವ ಚಿತ್ರಕ್ಕೆ ಯಾರೂ ಕೇಳುವುದಿಲ್ಲ. ಕೋಮುಗಲಭೆ, ಗಣಿ, ಜಾತಿ, ಪೊಲೀಸ್ ಗೋಲಿಬಾರು ಇದ್ದರೆ ಅದೇ ಕಾಯ್ದೆ ತಟ್ಟನೆ ನೆನಪಾಗುತ್ತದೆ, ಹಾಲ್‌ನವರು ಹಿಂದಿನ ರಾತ್ರಿ ಫೋನ್ ಮಾಡಿ 'ಪೇಂಟಿಂಗ್ ಕೆಲಸ ಇದೆ' ಅನ್ನುತ್ತಾರೆ. ಸದಸ್ಯರಿಗಷ್ಟೇ ತೋರಿಸುವ ಫಿಲ್ಮ್ ಸೊಸೈಟಿಗಳ ಮೂಲಕ ಹೋಗುವುದು ಹಳೆಯ, ಇವತ್ತಿಗೂ ನಡೆಯುವ ದಾರಿ.

2004ರ ಮಿಫ್ ಹೊತ್ತಿಗೆ ಇದೇ ಸೆನ್ಸಾರಿನ ಮೇಲೆ ದೊಡ್ಡ ಜಗಳವೇ ಆಯಿತು. ಭಾರತೀಯ ಚಿತ್ರಗಳಿಗೆ ಸರ್ಟಿಫಿಕೇಟ್ ಬೇಕು ಅಂತ ಮಿಫ್‌ನವರು ನಿಯಮ ತಂದಾಗ ನಿರ್ದೇಶಕರು ಒಟ್ಟಾಗಿ ವಿರೋಧಿಸಿದರು. ನಿಯಮ ಬಿತ್ತು, ಆದರೆ ಹಲವು ಚಿತ್ರಗಳು ಆಯ್ಕೆಯಿಂದಲೇ ಹೊರಗುಳಿದವು. ಅವನ್ನು ಸೇರಿಸಿಕೊಂಡು ಮುಂಬೈಯಲ್ಲೇ 'ವಿಕಲ್ಪ್' ಅಂತ ಪರ್ಯಾಯ ಉತ್ಸವ ನಡೆಯಿತು. ಆ ವರ್ಷವೇ ರಾಕೇಶ್ ಶರ್ಮಾ ಗುಜರಾತ್ ಗಲಭೆಯ ಮೇಲಿನ ತಮ್ಮ 'ಫೈನಲ್ ಸೊಲ್ಯೂಷನ್'ಗೆ ಸೆನ್ಸಾರ್ ತಡೆ ಬಿದ್ದಾಗ ವಿಸಿಡಿ ಪುಕ್ಕಟೆ ಹಂಚಿದರು. ಷರತ್ತು ಒಂದೇ: ತಗೊಂಡವರು ಐದು ನಕಲು ಮಾಡಿ ಹಂಚಬೇಕು. ಪೈರಸಿಯನ್ನೇ ವಿತರಕನನ್ನಾಗಿ ನೇಮಿಸಿಕೊಂಡದ್ದು ನನಗೆ ಇವತ್ತಿಗೂ ಖುಷಿ ಕೊಡುವ ಐಡಿಯಾ.

ಥಿಯೇಟರ್: ಚಿತ್ರಕ್ಕಿಂತ ಮೊದಲೇ ಜನ ಇದ್ದರೆ ಮಾತ್ರ

ಕರ್ನಾಟಕದಲ್ಲಿ ಇದಕ್ಕೆ ಎರಡು ದೊಡ್ಡ ಉದಾಹರಣೆ, ಎರಡೂ ಕಾಡಿನವು. 2020ರ ಜನವರಿಯಲ್ಲಿ 'ವೈಲ್ಡ್ ಕರ್ನಾಟಕ' ಥಿಯೇಟರಿಗೆ ಬಂತು. ಇಂಗ್ಲಿಷಿನಲ್ಲಿ ವನ್ಯಜೀವಿ ಚಿತ್ರಗಳ ಹೆಸರಾಂತ ನಿರೂಪಕ ಡೇವಿಡ್ ಅಟೆನ್‌ಬರೋ ದನಿ, ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ. 2022ರ ಅಕ್ಟೋಬರ್ 28ಕ್ಕೆ 'ಗಂಧದ ಗುಡಿ', ಪುನೀತ್ ರಾಜ್‌ಕುಮಾರ್ ತೀರಿಕೊಂಡು ವರ್ಷ ತುಂಬುವುದಕ್ಕೆ ಒಂದು ದಿನ ಮುಂಚೆ. ಜನ ಅಪ್ಪುವನ್ನು ಕೊನೆಯ ಸಲ ದೊಡ್ಡ ಪರದೆಯ ಮೇಲೆ ನೋಡಲು ಬಂದರು, ಅತ್ತರು, ಜೊತೆಗೆ ನಾಗರಹೊಳೆಯನ್ನೂ ನೋಡಿದರು. ಇವೆರಡನ್ನು ತೋರಿಸಿ 'ಸಾಕ್ಷ್ಯಚಿತ್ರಕ್ಕೂ ಥಿಯೇಟರಿನಲ್ಲಿ ಮಾರ್ಕೆಟ್ ಇದೆ' ಅನ್ನುವವರಿಗೆ ನನ್ನ ಪ್ರಶ್ನೆ: ನಿಮ್ಮ ಚಿತ್ರದ ಅಟೆನ್‌ಬರೋ ಯಾರು?

ಸ್ಟಾರ್ ಇಲ್ಲದೆಯೂ ಆಗಿದ್ದಿದೆ. 'ಸೂಪರ್‌ಮೆನ್ ಆಫ್ ಮಾಲೆಗಾಂವ್' ತಯಾರಾಗಿದ್ದು 2008ರಲ್ಲಿ, ಸಣ್ಣ ಚಿತ್ರಗಳಿಗೆಂದೇ ಪಿವಿಆರ್ ನಡೆಸುತ್ತಿದ್ದ ಡೈರೆಕ್ಟರ್ಸ್ ರೇರ್ ಮೂಲಕ ಥಿಯೇಟರ್ ಕಂಡಿದ್ದು 2012ರಲ್ಲಿ. ಆಮ್ ಆದ್ಮಿ ಪಕ್ಷದ ಹುಟ್ಟಿನ ಮೇಲಿನ 'ಆ್ಯನ್ ಇನ್‌ಸಿಗ್ನಿಫಿಕಂಟ್ ಮ್ಯಾನ್' 2017ರ ನವೆಂಬರಿನಲ್ಲಿ ಬಿಡುಗಡೆಯಾಗಿ ವಾರಗಟ್ಟಲೆ ಓಡಿತು. ಅದರ ಹಿಂದೆ ಕ್ರೌಡ್‌ಫಂಡಿಂಗ್‌ನಲ್ಲಿ ದುಡ್ಡು ಹಾಕಿ ಕಾಯುತ್ತಿದ್ದ ಜನರ ಪಡೆ ಇತ್ತು. ಚಿತ್ರದಲ್ಲಿ ಕಾಣಿಸಿದ ರಾಜಕಾರಣಿಗಳಿಂದ ಒಪ್ಪಿಗೆ ಪತ್ರ ತನ್ನಿ ಅಂತ ಸೆನ್ಸಾರ್ ಮಂಡಳಿ ಕೇಳಿದ್ದು ಸುದ್ದಿಯಾಗಿ, ಪುಕ್ಕಟೆ ಪ್ರಚಾರವೂ ಸಿಕ್ಕಿತ್ತು. ಆಗ ಅವರನ್ನು ಪಾರು ಮಾಡಿದ ಮೇಲ್ಮನವಿ ನ್ಯಾಯಮಂಡಳಿಯನ್ನು 2021ರಲ್ಲಿ ರದ್ದು ಮಾಡಿದರು. ಈಗ ಜಗಳ ಬಿದ್ದರೆ ಹೈಕೋರ್ಟಿಗೇ ಹೋಗಬೇಕು. ವಕೀಲರ ಫೀಸನ್ನೂ ಬಜೆಟ್‌ನಲ್ಲಿ ಬರೆದುಕೊಳ್ಳಿ.

ಖರ್ಚಿನ ದಾರಿ ಹೀಗೆ: ಸೆನ್ಸಾರ್, ಡಿಸಿಪಿ (ಥಿಯೇಟರಿಗೆ ಬೇಕಾದ ಡಿಜಿಟಲ್ ಪ್ರತಿ), ಅದನ್ನು ಪರದೆಗೆ ತಲುಪಿಸುವ ಕ್ಯೂಬ್ ಅಥವಾ ಯುಎಫ್‌ಒ ಕಂಪನಿಯ ಶುಲ್ಕ, ಪೋಸ್ಟರ್. ಇಷ್ಟಾದ ಮೇಲೆ ಸಿಗುವುದು ಬೆಳಿಗ್ಗೆ ಹತ್ತರ ಒಂದೇ ಒಂದು ಶೋ. ಸೋಮವಾರಕ್ಕೆ ಅದೂ ಇಲ್ಲ. ನಿಮಗೆ ಥಿಯೇಟರೇ ಬೇಕೆಂದರೆ ಒಂದು ಊರು, ಒಂದು ಪರದೆ, ಒಂದು ಭಾನುವಾರ ಬಾಡಿಗೆಗೆ ಹಿಡಿದು, ಟಿಕೆಟ್ಟನ್ನು ಮುಂಚೆಯೇ ಮಾರಿ. ಸೆನ್ಸಾರ್ ಸರ್ಟಿಫಿಕೇಟಿಗೆ ಇನ್ನೊಂದು ಉಪಯೋಗ ಇದೆ, ಅದಿಲ್ಲದೆ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗೆ ಅರ್ಜಿ ಹಾಕಲು ಆಗುವುದಿಲ್ಲ.

ಒಟಿಟಿ, ಟಿವಿ

ಸೋದರಮಾವನಿಗೆ ಉತ್ತರ: ನೆಟ್‌ಫ್ಲಿಕ್ಸ್ ನೇರವಾಗಿ ಬಂದ ಚಿತ್ರಗಳನ್ನು ತೆರೆದೂ ನೋಡುವುದಿಲ್ಲ, ಗೊತ್ತಿರುವ ಏಜೆಂಟ್ ಅಥವಾ ನಿರ್ಮಾಪಕರ ಮೂಲಕವೇ ಹೋಗಬೇಕು. ಅಮೆಜಾನಿನ ಪ್ರೈಮ್ ವಿಡಿಯೋ ಡೈರೆಕ್ಟ್‌ನಲ್ಲಿ ಮೊದಲು ನಾವೇ ಏರಿಸಬಹುದಿತ್ತು. 2021ರಲ್ಲಿ ಸಾಕ್ಷ್ಯಚಿತ್ರ, ಕಿರುಚಿತ್ರಗಳಿಗೆ ಆ ಬಾಗಿಲು ಹಾಕಿದರು. ಮುದುಮಲೈ ಆನೆ ಶಿಬಿರದ 'ದಿ ಎಲಿಫೆಂಟ್ ವಿಸ್ಪರರ್ಸ್' ನೆಟ್‌ಫ್ಲಿಕ್ಸ್‌ನಲ್ಲಿ ಬಂದು 2023ರಲ್ಲಿ ಆಸ್ಕರ್ ಗೆದ್ದದ್ದು ನಿಜ. ಅದನ್ನು ನೋಡಿ ಮುಂದಿನ ಯೋಜನೆ ಹಾಕಿಕೊಳ್ಳುವುದು ಲಾಟರಿ ಹೊಡೆದವನನ್ನು ನೋಡಿ ಸಾಲ ಮಾಡಿದ ಹಾಗೆ. ಸಾಕ್ಷ್ಯಚಿತ್ರಗಳಿಗೇ ಇರುವ ಡಾಕ್ಯುಬೇ, ಪ್ರಸಾರ ಭಾರತಿ 2024ರಲ್ಲಿ ಶುರು ಮಾಡಿದ ವೇವ್ಸ್ ಇವೆ, ಕೇಳಿ ನೋಡಬಹುದು. ಸಹಿ ಹಾಕುವ ಮುನ್ನ ಎರಡು ಸಾಲು ಓದಿ: ಹಕ್ಕು ಎಷ್ಟು ವರ್ಷಕ್ಕೆ, ಅವರಿಗೊಬ್ಬರಿಗೇನಾ. 'ಪರ್ಪೆಚುಯಲ್', ಅಂದರೆ ಶಾಶ್ವತವಾಗಿ, ಅನ್ನುವ ಪದ ಕಂಡರೆ ಪೆನ್ನು ಕೆಳಗಿಡಿ.

ಟಿವಿಯ ಬಗ್ಗೆ ಹೆಚ್ಚು ಹೇಳಲು ಇಲ್ಲ. ಕನ್ನಡದ ಖಾಸಗಿ ವಾಹಿನಿಗಳಲ್ಲಿ ಸ್ವತಂತ್ರ ಸಾಕ್ಷ್ಯಚಿತ್ರಕ್ಕೆ ಅಂತ ಹೊತ್ತೇ ಇಲ್ಲ. ದೂರದರ್ಶನದಲ್ಲಿ ತೋರಿಸಿದರೆ ತಲುಪುವ ಜನ ನಿಜಕ್ಕೂ ದೊಡ್ಡದು, ಆದರೆ ಪಟವರ್ಧನ್ ಅಯೋಧ್ಯೆ ವಿವಾದದ ಮೇಲಿನ ತಮ್ಮ 'ರಾಮ್ ಕೆ ನಾಮ್' ಅಲ್ಲಿ ಪ್ರಸಾರವಾಗಲಿ ಅಂತ ಕೋರ್ಟು ಹತ್ತಿದ್ದರು. 1992ರ ಚಿತ್ರ ಪ್ರಸಾರ ಆಗಿದ್ದು 1997ರಲ್ಲಿ.

ಯೂಟ್ಯೂಬ್

ಇದರ ವಿರುದ್ಧ ಮಾತಾಡಿ ಶುರು ಮಾಡಿದೆನಾದರೂ, ಕೊನೆಗೆ ಎಲ್ಲ ಚಿತ್ರಗಳೂ ಸೇರಬೇಕಾದ ಕಡಲು ಇದೇ. 'ರಾಮ್ ಕೆ ನಾಮ್' ಈಗ ಅಲ್ಲೇ ಇದೆ. ಮಲದ ಗುಂಡಿ ಸ್ವಚ್ಛ ಮಾಡುವವರ ಮೇಲೆ ದಿವ್ಯಾ ಭಾರತಿ ಮಾಡಿದ ತಮಿಳಿನ 'ಕಕ್ಕೂಸ್' 2017ರಲ್ಲಿ ಊರೂರಲ್ಲಿ ಪ್ರದರ್ಶನಕ್ಕೆ ಪೊಲೀಸರ ಅಡ್ಡಿ ಎದುರಿಸಿ, ಯೂಟ್ಯೂಬ್‌ಗೆ ಬಂದು ಮನೆಮನೆ ಮುಟ್ಟಿತು. ತಡೆಯುವವರು ಇದ್ದಾಗ, ವಿಷಯ ಇವತ್ತೇ ಜನರಿಗೆ ತಲುಪಬೇಕಾದಾಗ, ಉತ್ಸವಕ್ಕೆ ಕಾಯುತ್ತ ಕೂರುವುದು ತಪ್ಪು. ಹಕ್ಕುಪತ್ರದ ಹೋರಾಟ ನಡೆಯುತ್ತಿರುವಾಗ ಅದರ ಚಿತ್ರ ಆಮ್‌ಸ್ಟರ್‌ಡ್ಯಾಮಿನ ಉತ್ಸವದವರ ಉತ್ತರಕ್ಕೆ ಹತ್ತು ತಿಂಗಳು ಕಾದರೆ ಯಾರಿಗೆ ಲಾಭ?

ಆದರೆ ದುಡ್ಡಿನ ಲೆಕ್ಕ ತಿಳಿದಿರಲಿ. ಜಾಹೀರಾತಿನ ಪಾಲು ಬೇಕಾದರೆ ಚಾನೆಲ್ಲಿಗೆ 1,000 ಚಂದಾದಾರರು, ಹನ್ನೆರಡು ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಆಗಬೇಕು. 4,000 ಗಂಟೆ ಅಂದರೆ 2,40,000 ನಿಮಿಷ. ನನ್ನ 52 ನಿಮಿಷದ ಚಿತ್ರವನ್ನು ಜನ ಸರಾಸರಿ ನೋಡಿದ್ದು ಆರು ನಿಮಿಷ. ಹಾಗಾದರೆ ಗಡಿ ಮುಟ್ಟಲು 40,000 ವೀಕ್ಷಣೆ ಬೇಕು. ಎಲ್ಲರೂ ಕೊನೆಯವರೆಗೂ ನೋಡಿದ್ದರೆ 4,616 ಸಾಕಿತ್ತು. ಸಾಗರದ ಅಂಗಳದಲ್ಲಿ ಕರೆಂಟು ಹೋದರೂ ಏಳದ ಎಪ್ಪತ್ತು ಜನರ ಪಕ್ಕದಲ್ಲಿ ಈ ಆರು ನಿಮಿಷವನ್ನು ಇಟ್ಟು ನೋಡಿ. ಗಡಿ ದಾಟಿದರೂ ಜಾಹೀರಾತಿನ ಆದಾಯದಲ್ಲಿ ನಮಗೆ 55 ಪಾಲು, ಯೂಟ್ಯೂಬ್‌ಗೆ 45. ಕನ್ನಡದ ಒಂದೇ ಚಿತ್ರದಿಂದ ಹಾರ್ಡ್‌ಡಿಸ್ಕಿನ ಖರ್ಚು ಹುಟ್ಟಿದರೆ ಪುಣ್ಯ.

ಇನ್ನೊಂದು ಕಚಗುಳಿ ಇಡುವ ಸಂಗತಿ. ಸುಲಿಯುವವರು ರಾತ್ರಿ ನಿದ್ದೆ ಬಾರದಿರಲಿ ಅಂತ ಮೊಬೈಲಿನಲ್ಲಿ ಹಳೆಯ ಚಿತ್ರಗೀತೆ ಹಾಕಿಕೊಳ್ಳುತ್ತಾರೆ. ನನ್ನ ಚಿತ್ರದ ಮೂರು ದೃಶ್ಯಗಳಲ್ಲಿ ಅದು ಹಿನ್ನೆಲೆಯಲ್ಲಿ ಕೇಳಿಸುತ್ತದೆ. ಏರಿಸಿದ ಅರ್ಧ ಗಂಟೆಯಲ್ಲಿ ಹಾಡಿನ ಹಕ್ಕುದಾರರನ್ನು ತಾನೇ ಗುರುತಿಸುವ ಯೂಟ್ಯೂಬ್‌ನ ಕಂಟೆಂಟ್ ಐಡಿಯಿಂದ ನೋಟಿಸ್ ಬಂತು: ಹಾಡು ಆಡಿಯೋ ಕಂಪನಿಯದು, ದುಡ್ಡು ಬಂದರೆ ಅವರಿಗೆ. ಯೂಟ್ಯೂಬ್‌ನಲ್ಲಿ ಇಷ್ಟಕ್ಕೇ ಮುಗಿಯಿತು. ಇದೇ ಹಾಡು ಇಟ್ಟುಕೊಂಡು ಒಟಿಟಿಗೋ ಟಿವಿಗೋ ಹೋದರೆ ಹಕ್ಕಿನ ಪತ್ರ ಕೇಳುತ್ತಾರೆ. ಚಿತ್ರೀಕರಣದ ಹೊತ್ತಿನಲ್ಲೇ ಅದೇ ದೃಶ್ಯವನ್ನು ಹಾಡು ನಿಲ್ಲಿಸಿ ಐದು ನಿಮಿಷ ಹೆಚ್ಚು ತೆಗೆದುಕೊಳ್ಳಿ. ಜಾತ್ರೆಯ ಮೈಕು, ಮದುವೆಮನೆ, ಬಸ್ಸು, ಎಲ್ಲ ಕಡೆ ಈ ಬಲೆ ಇದೆ.

ಹಾಕುವಾಗ ಕನ್ನಡದ ಸಬ್‌ಟೈಟಲ್ಲನ್ನೂ ಹಾಕಿ, ಇಂಗ್ಲಿಷ್ ಒಂದೇ ಸಾಲದು. ಹವ್ಯಕ, ಅರೆಭಾಷೆ, ಕುಂದಾಪುರದ ಮಾತು, ಕಲಬುರಗಿಯ ಮಾತು ಬಂದಾಗ ಕನ್ನಡಿಗರಿಗೇ ಕನ್ನಡದ ಸಾಲು ಬೇಕಾಗುತ್ತದೆ. ಬಸ್ಸಿನಲ್ಲಿ ಸದ್ದಿಲ್ಲದೆ ನೋಡುವವರೇ ಹೆಚ್ಚು ಅನ್ನುವುದೂ ಇದೆ. ಶೀರ್ಷಿಕೆಯ ಕಾವ್ಯವನ್ನು ಉತ್ಸವಕ್ಕೆ ಇಟ್ಟುಕೊಂಡು, ಇಲ್ಲಿ ಜನ ಹುಡುಕುವ ಪದ ಬರೆಯಿರಿ. 'ಇರುಳ ಸಿಪ್ಪೆ' ಅಂತ ಯಾರೂ ಟೈಪ್ ಮಾಡುವುದಿಲ್ಲ, 'ಅಡಿಕೆ ಸುಲಿತ' ಅಂತ ಮಾಡುತ್ತಾರೆ.

ಕಾಲೇಜು ಮತ್ತು ಕನ್ನಡ ಕೂಟ

ಇವೆರಡನ್ನೂ ಕೆಲವರು ಮರೆತೇಬಿಡುತ್ತಾರೆ. ಪತ್ರಿಕೋದ್ಯಮ, ಸಮಾಜಶಾಸ್ತ್ರ ವಿಭಾಗಗಳು, ಎನ್‌ಎಸ್‌ಎಸ್ ಶಿಬಿರಗಳು ಪ್ರಯಾಣ ವೆಚ್ಚ, ಒಂದಿಷ್ಟು ಗೌರವಧನ ಕೊಡುತ್ತವೆ. ಕೊಡುವುದು ಮೂರು ತಿಂಗಳ ಮೇಲೆ, ರಸೀದಿಗೆ ರೆವಿನ್ಯೂ ಸ್ಟಾಂಪ್ ಅಂಟಿಸಿದ ಮೇಲೆ. ಆದರೂ ದುಡ್ಡು ಬರುವ ದಾರಿ ನನಗೆ ಕಂಡದ್ದು ಇದೊಂದೇ. ವಿದ್ಯಾರ್ಥಿಗಳು ಮೊದಲ ಹತ್ತು ನಿಮಿಷ ಮೊಬೈಲು ನೋಡುತ್ತಾರೆ, ಹದಿನೈದನೆಯ ನಿಮಿಷಕ್ಕೆ ಒಬ್ಬೊಬ್ಬರೇ ಕೆಳಗಿಡುತ್ತಾರೆ. ತಮ್ಮ ಅಮ್ಮನೂ ಸುಲಿಯಲು ಹೋಗುತ್ತಾಳೆ ಅಂತ ಒಬ್ಬ ಹುಡುಗ ಎದ್ದು ಹೇಳಿದ್ದು ಇಂಥ ಒಂದು ತರಗತಿಯಲ್ಲೇ.

ಹೊರದೇಶದ ಕನ್ನಡ ಕೂಟಗಳು ರಾಜ್ಯೋತ್ಸವ, ಯುಗಾದಿಗೆ ಹಾಲ್ ಹಿಡಿದಿರುತ್ತವೆ. ಊಟಕ್ಕೂ ಹಾಡಿಗೂ ನಡುವೆ ಅರ್ಧ ಗಂಟೆ ಕೇಳಿದರೆ ಕೊಡುತ್ತಾರೆ. 25 ನಿಮಿಷದ ಒಂದು ಆವೃತ್ತಿ ಮೊದಲೇ ಕತ್ತರಿಸಿಟ್ಟುಕೊಳ್ಳಿ. ಪೂರ್ತಿ ಚಿತ್ರ ಕೊಟ್ಟರೆ ಹೋಳಿಗೆಯ ವಾಸನೆಗೆ ಸೋಲುತ್ತೀರಿ.

ಹಾಗಾದರೆ ಯಾವುದು?

ನಿಮ್ಮ ವಿಷಯಕ್ಕೆ ಗಡುವಿದೆ, ಅಣೆಕಟ್ಟೋ ಭೂಸ್ವಾಧೀನವೋ ತೀರ್ಪೋ ಎದುರಿಗಿದೆ ಅಂದರೆ ನೇರ ಯೂಟ್ಯೂಬ್, ಅದೇ ವಾರ ಊರುಗಳಲ್ಲಿ ಪ್ರದರ್ಶನ. ಉತ್ಸವವನ್ನು ಮರೆತುಬಿಡಿ. ಕಲೆಗಾರನೊಬ್ಬನ, ಹಳೆಯ ಕಸುಬಿನ, ಮನೆತನದ ಚಿತ್ರವಾದರೆ ಅದಕ್ಕೆ ಆತುರವಿಲ್ಲ, ಒಂದು ವರ್ಷ ಉತ್ಸವಕ್ಕೆ ಕೊಡಿ. ಕಾಡು, ಪ್ರಾಣಿ, ದೊಡ್ಡ ನಟ ಇದ್ದರೆ ಥಿಯೇಟರಿನ ಕನಸು ಕಾಣಬಹುದು. ಚಿತ್ರ ಮೂವತ್ತು ನಿಮಿಷದೊಳಗಿದ್ದರೆ ಕಾಲೇಜು ಸುತ್ತುವುದೇ ಸುಲಭ, ಒಂದು ಪೀರಿಯಡ್ಡಿನಲ್ಲಿ ಚಿತ್ರವೂ ಸಂವಾದವೂ ಮುಗಿಯುತ್ತದೆ.

ನನ್ನ ಮುಂದಿನ ಚಿತ್ರ ಕೆರೆಯ ಹೂಳೆತ್ತುವವರದ್ದು. ಈ ಸಲದ ಕ್ರಮ ಬರೆದಿಟ್ಟುಕೊಂಡಿದ್ದೇನೆ: ಕಚ್ಚಾ ಎಡಿಟ್ ಕೆರೆ ಏರಿಯ ಮೇಲೆ ಅವರಿಗೇ, ಆಮೇಲೆ ಏಳು ಉತ್ಸವ, ಹತ್ತು ತಿಂಗಳ ಗಡುವು, ನಡುವೆ ಯಾರು ಎಷ್ಟೇ ಬೈದರೂ ಲಿಂಕಿಗೆ ಪಾಸ್‌ವರ್ಡ್. ಆ ಹತ್ತು ತಿಂಗಳು ಮುಗಿದ ಮರುದಿನದಿಂದ ಊರು ಮತ್ತು ಕಾಲೇಜು, ಮುಂದಿನ ಮಳೆಗಾಲಕ್ಕೆ ಯೂಟ್ಯೂಬ್.

ಪ್ರೊಜೆಕ್ಟರ್ ಚೀಲದಲ್ಲಿ ಇರಬೇಕಾದವು: ಎರಡು ಎಚ್‌ಡಿಎಂಐ ಕೇಬಲ್, ಹತ್ತು ಮೀಟರಿನ ಎಕ್ಸ್‌ಟೆನ್ಷನ್ ಬಾಕ್ಸ್, ಸ್ಪೀಕರಿನ ವೈರು, ಚಿತ್ರ ತುಂಬಿದ ಎರಡು ಪೆನ್‌ಡ್ರೈವ್, ಸೆಣಬಿನ ಹಗ್ಗ, ಸೂಜಿ-ದಾರ. ಪಂಚೆ ಊರಲ್ಲೇ ಸಿಗುತ್ತದೆ.